ಚುಕ್ಕೆ ಎಣಿಸುವ ಕಿಟ್: ಎಚ್‌ಐವಿ ಲಸಿಕೆ ಸಂಶೋಧನೆಯಲ್ಲಿ ಎಲಿಸ್ಪಾಟ್ ಬಳಕೆಯ ವಿಮರ್ಶೆ

ಎಚ್‌ಐವಿ ಲಸಿಕೆಯ ಪ್ರಯೋಗಕ್ಕೆ ಒಳಗಾದ ಸ್ವಯಂಸೇವಕರ ಟಿ ಕೋಶಗಳು (ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು) ಆ ಲಸಿಕೆಗೆ ಸ್ಪಂದಿಸಿವೆಯೇ ಎಂದು ತಿಳಿಯಲು ಪ್ರಯೋಗಾಲಯಗಳು ಬಹುಕಾಲದಿಂದ ನೆಚ್ಚಿಕೊಂಡಿರುವ ವಿಧಾನಗಳಲ್ಲಿ ಇಂಟರ್ಫೆರಾನ್ ಗಾಮಾ ಎಲಿಸ್ಪಾಟ್ ಒಂದು. ಇಂಟರ್ಫೆರಾನ್ ಗಾಮಾ ಎಂದರೆ ಸ್ಪಂದಿಸಿದ ಕೋಶ ಸ್ರವಿಸುವ ಸಂಕೇತ ಪ್ರೋಟೀನ್. ಅದನ್ನು ಸ್ರವಿಸಿದ ಕೋಶಗಳನ್ನು ಚುಕ್ಕೆಗಳಾಗಿ ಎಣಿಸುವುದೇ ಎಲಿಸ್ಪಾಟ್. ಈ ವಿಮರ್ಶೆ ಅದರ ಸಿದ್ಧ ಕಿಟ್‌ಗೆ ಸಂಬಂಧಿಸಿದ್ದು. ಪ್ರತಿಕಾಯವನ್ನು ಕಾರ್ಖಾನೆಯಲ್ಲೇ ಲೇಪಿಸಿ, ಪೊಟ್ಟಣದಲ್ಲಿ ಮೊಹರು ಮಾಡಿ ಕಳುಹಿಸುವ 96 ಗುಳಿಗಳ ಪ್ಲೇಟ್, ಪತ್ತೆಹಚ್ಚುವ ಎರಡನೆಯ ಪ್ರತಿಕಾಯ, ಕಿಣ್ವ, ಬಣ್ಣ ಬರಿಸುವ ದ್ರಾವಣ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬರುತ್ತವೆ. ಇಂಥ ಕಿಟ್‌ಗಳನ್ನು ಹಲವು ಕಂಪನಿಗಳು ಮಾರುತ್ತವೆ. ನಾವು ಬಳಸಿದವುಗಳ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಏಕೆಂದರೆ ಮೂಲ ರಚನೆ ಎಲ್ಲದರಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿದ್ದು, ಗುಣದೋಷಗಳೂ ಬಹುಪಾಲು ಒಂದೇ ಬಗೆಯವು.

ವಿಧಾನದ ಮೂಲ ಹಳೆಯದು. 1983ರಲ್ಲಿ ಎರಡು ಸಂಶೋಧನಾ ತಂಡಗಳು ಪ್ರತ್ಯೇಕವಾಗಿ, ಪ್ರತಿಕಾಯವನ್ನು ಸ್ರವಿಸುವ ಬಿ ಕೋಶಗಳನ್ನು ಒಂದೊಂದಾಗಿ ಎಣಿಸಲು ಇದನ್ನು ರೂಪಿಸಿದವು. 1988ರ ಹೊತ್ತಿಗೆ ಅದೇ ತತ್ತ್ವವನ್ನು ಇಂಟರ್ಫೆರಾನ್ ಗಾಮಾ ಸ್ರವಿಸುವ ಕೋಶಗಳಿಗೂ ಅನ್ವಯಿಸಲಾಯಿತು. ಕೋಶವೊಂದು ತನಗೆ ಪರಿಚಿತವಾದ ವೈರಸ್ ತುಣುಕನ್ನು ಕಂಡಾಗ ಸ್ರವಿಸುವ ಇಂಟರ್ಫೆರಾನ್, ದೂರ ಹರಡುವ ಮೊದಲೇ, ಆ ಕೋಶ ಕುಳಿತಿರುವ ಜಾಗದಲ್ಲೇ ಗುಳಿಯ ತಳದ ಪೊರೆಯ ಮೇಲಿನ ಪ್ರತಿಕಾಯಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಕೋಶಗಳನ್ನು ತೊಳೆದು ತೆಗೆದರೂ ಗುರುತು ಉಳಿಯುತ್ತದೆ. ಬಯೋಟಿನ್ ಜೋಡಿಸಿದ ಎರಡನೆಯ ಪ್ರತಿಕಾಯ, ಅದಕ್ಕೆ ಅಂಟುವ ಸ್ಟ್ರೆಪ್ಟಾವಿಡಿನ್ ಮತ್ತು ಕಿಣ್ವ, ಕೊನೆಗೆ ಬಣ್ಣದ ದ್ರಾವಣ ಇವುಗಳನ್ನು ಒಂದರ ಮೇಲೊಂದು ಹಾಕಿದಾಗ ಅಲ್ಲಿ ಕಡುನೀಲಿ ಚುಕ್ಕೆ ಮೂಡುತ್ತದೆ. ಒಂದು ಚುಕ್ಕೆ ಎಂದರೆ ಸ್ಪಂದಿಸಿದ ಒಂದು ಕೋಶ. ಲಕ್ಷ ಕೋಶಗಳ ನಡುವೆ ಬೆರಳೆಣಿಕೆಯ ಕೋಶಗಳು ಸ್ಪಂದಿಸಿದ್ದರೂ ಅವು ಕಣ್ಣಿಗೆ ಬೀಳುತ್ತವೆ ಎನ್ನುವುದೇ ಈ ವಿಧಾನದ ದೊಡ್ಡ ಶಕ್ತಿ.

ಕಿಟ್‌ನ ಮೊದಲ ಮೆಚ್ಚುಗೆ ಅದು ಉಳಿಸುವ ಸಮಯಕ್ಕೆ ಸಲ್ಲಬೇಕು. ಪ್ಲೇಟನ್ನು ನಾವೇ ಸಿದ್ಧಪಡಿಸುವುದಾದರೆ ಗುಳಿಗಳ ತಳದ ಪಿವಿಡಿಎಫ್ ಎಂಬ ಪ್ಲಾಸ್ಟಿಕ್ ಪೊರೆಯನ್ನು ಶೇ 35ರ ಎಥನಾಲ್‌ನಲ್ಲಿ ಒಂದು ನಿಮಿಷವೂ ಮೀರದಂತೆ ನೆನೆಸಿ, ಕೂಡಲೇ ಹಲವು ಬಾರಿ ತೊಳೆದು, ಪೊರೆ ಒಣಗಲು ಬಿಡದೆ ಪ್ರತಿಕಾಯ ಹಾಕಿ, 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ರಾತ್ರಿಯಿಡೀ ಇಡಬೇಕು. ಎಥನಾಲ್ ಹೆಚ್ಚು ಹೊತ್ತು ನಿಂತರೆ ಪೊರೆಯ ಕೆಳಗೆ ದ್ರವ ಸೋರುತ್ತದೆ. ಕಡಿಮೆಯಾದರೆ ಪ್ರತಿಕಾಯ ಸರಿಯಾಗಿ ಹಿಡಿಯುವುದಿಲ್ಲ, ಚುಕ್ಕೆಗಳು ಮಂಕಾಗಿ ಹರಡಿಕೊಳ್ಳುತ್ತವೆ. ಸಿದ್ಧ ಪ್ಲೇಟಿನಲ್ಲಿ ಈ ಹಂತ ಸಂಪೂರ್ಣವಾಗಿ ಇಲ್ಲವಾಗುತ್ತದೆ. ಹಲವು ಕೈಗಳು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಫಲಿತಾಂಶಗಳ ಏರುಪೇರಿಗೆ ಕಾರಣವಾಗುವ ಅತಿ ದೊಡ್ಡ ಮೂಲವೊಂದು ಹೀಗೆ ತಪ್ಪುತ್ತದೆ. ಒಂದೇ ಲಸಿಕೆಯ ಪ್ರಯೋಗ ಬೇರೆ ಬೇರೆ ದೇಶಗಳಲ್ಲಿ ನಡೆದು, ಮಾದರಿಗಳನ್ನು ಬೇರೆ ಬೇರೆ ಪ್ರಯೋಗಾಲಯಗಳು ಪರೀಕ್ಷಿಸುವಾಗ ಈ ಏಕರೂಪತೆಯ ಬೆಲೆ ಇನ್ನೂ ಹೆಚ್ಚು.

ಆದರೆ ಕಿಟ್ ಎಷ್ಟೇ ಚೆನ್ನಾಗಿದ್ದರೂ ಅದರ ಒಳಗೆ ಹಾಕುವ ಕೋಶಗಳು ಕೆಟ್ಟಿದ್ದರೆ ಫಲಿತಾಂಶ ಕೆಟ್ಟದ್ದೇ. ಈ ಮಾತನ್ನು ಯಾವ ಕಂಪನಿಯ ಕೈಪಿಡಿಯೂ ಬೇಕಾದಷ್ಟು ಒತ್ತಿ ಹೇಳುವುದಿಲ್ಲ. ಸ್ವಯಂಸೇವಕರ ರಕ್ತವನ್ನು ಹೆಪ್ಪುಗಟ್ಟದಂತೆ ತಡೆಯುವ ಕೊಳವೆಯಲ್ಲಿ ಸಂಗ್ರಹಿಸಿ, ಸಾಧ್ಯವಾದರೆ ಎಂಟು ಗಂಟೆಗಳೊಳಗೆ ಸಾಂದ್ರತಾ ದ್ರಾವಣದ ಮೇಲೆ ಹಾಕಿ ಕೇಂದ್ರಾಪಗಾಮಿ ಯಂತ್ರದಲ್ಲಿ ತಿರುಗಿಸಿ, ನಡುವೆ ನಿಲ್ಲುವ ಮಬ್ಬು ಪದರದಿಂದ ಕೋಶಗಳನ್ನು ಹೀರಿ ತೆಗೆಯಬೇಕು. ಒಂದು ಮಿಲಿಲೀಟರ್ ರಕ್ತದಿಂದ ಸುಮಾರು 10 ಲಕ್ಷ ಕೋಶಗಳು ಸಿಗುತ್ತವೆ. ಅವುಗಳನ್ನು ಶೇ 10ರಷ್ಟು ಡಿಎಂಎಸ್‌ಒ (ಹೆಪ್ಪುಗಟ್ಟುವಾಗ ಕೋಶಗಳನ್ನು ಕಾಪಾಡುವ ದ್ರಾವಕ) ಬೆರೆಸಿದ ದ್ರಾವಣದಲ್ಲಿ, ನಿಮಿಷಕ್ಕೆ ಒಂದು ಡಿಗ್ರಿಯಂತೆ ನಿಧಾನವಾಗಿ ತಣಿಸಿ, ದ್ರವ ಸಾರಜನಕದ ಆವಿಯಲ್ಲಿ ಇಡಲಾಗುತ್ತದೆ. ಪ್ರಯೋಗದ ಎಲ್ಲ ಭೇಟಿಗಳ ಮಾದರಿಗಳನ್ನು ಒಟ್ಟಿಗೆ ಪರೀಕ್ಷಿಸಬೇಕಾದ್ದರಿಂದ ತಿಂಗಳುಗಟ್ಟಲೆ ಕಾಯುವುದು ಸಾಮಾನ್ಯ. ಆ ಅವಧಿಯಲ್ಲಿ ಸಾಗಣೆಯ ನಡುವೆ ಒಮ್ಮೆ ಉಷ್ಣತೆ ಏರಿ ಇಳಿದಿದ್ದರೂ ಸಾಕು, ಕರಗಿಸಿದಾಗ ಅರ್ಧದಷ್ಟು ಕೋಶಗಳು ಸತ್ತಿರುತ್ತವೆ.

ಕರಗಿಸಿದ ಕೋಶಗಳನ್ನು ನೇರವಾಗಿ ಪ್ಲೇಟಿಗೆ ಹಾಕದೆ ರಾತ್ರಿಯಿಡೀ ವಿಶ್ರಾಂತಿಗೆ ಬಿಡುವುದನ್ನು ನಾವು ಕಡ್ಡಾಯ ಮಾಡಿಕೊಂಡಿದ್ದೇವೆ. ಸಾಯುವ ಹಾದಿಯಲ್ಲಿರುವ ಕೋಶಗಳು ಆ ಅವಧಿಯಲ್ಲಿ ಬಿದ್ದುಹೋಗುತ್ತವೆ. ಉಳಿದವುಗಳ ಎಣಿಕೆ ನಿಜಕ್ಕೆ ಹತ್ತಿರವಾಗುತ್ತದೆ. ಒಡೆದ ಕೋಶಗಳ ಡಿಎನ್‌ಎ ಅಂಟಿನಂತೆ ಉಳಿದವನ್ನೂ ಗಂಟುಕಟ್ಟಿಸುವುದರಿಂದ, ಕರಗಿಸುವ ದ್ರಾವಣದಲ್ಲಿ ಡಿಎನ್‌ಎಯನ್ನು ಕತ್ತರಿಸುವ ಕಿಣ್ವವನ್ನು ಬೆರೆಸುವುದೂ ಒಳ್ಳೆಯದು. ಗಂಟುಕಟ್ಟಿದ ಕೋಶಗಳಿಂದ ಗುಳಿಯೊಂದಕ್ಕೆ 2 ಲಕ್ಷ ಎಂದು ಲೆಕ್ಕ ಹಾಕಿ ಹಾಕಿದರೆ ಒಂದು ಗುಳಿಗೆ ಮೂರು ಲಕ್ಷ, ಪಕ್ಕದ್ದಕ್ಕೆ ಒಂದು ಲಕ್ಷ ಹೋಗಿ, ಮೂರು ಪ್ರತಿಗಳ ಸರಾಸರಿಗೆ ಅರ್ಥವೇ ಇರುವುದಿಲ್ಲ.

ಪ್ಲೇಟಿನ ವಿನ್ಯಾಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುವುದು ಉಪಯುಕ್ತ. ಕೋಶಗಳನ್ನು ಕೆರಳಿಸಲು ಬಳಸುವುದು ಜೀವಂತ ವೈರಸ್ ಅಲ್ಲ, ಅದರ ಪ್ರೋಟೀನುಗಳನ್ನು ಅನುಸರಿಸಿ ತಯಾರಿಸಿದ ಚಿಕ್ಕ ತುಣುಕುಗಳಾದ ಪೆಪ್ಟೈಡ್‌ಗಳು. ಸಾಮಾನ್ಯವಾಗಿ ಪ್ರತಿ ಪೆಪ್ಟೈಡ್ 15 ಅಮೈನೊ ಆಮ್ಲಗಳಷ್ಟು ಉದ್ದವಿದ್ದು, ಹಿಂದಿನದರೊಡನೆ 11 ಅಮೈನೊ ಆಮ್ಲಗಳನ್ನು ಹಂಚಿಕೊಂಡಿರುತ್ತದೆ. ಸುಮಾರು 500 ಅಮೈನೊ ಆಮ್ಲಗಳ ಗ್ಯಾಗ್ ಪ್ರೋಟೀನನ್ನು ಹೀಗೆ ಪೂರ್ತಿ ಆವರಿಸಲು 120ಕ್ಕೂ ಹೆಚ್ಚು ಪೆಪ್ಟೈಡ್‌ಗಳು ಬೇಕು. ವೈರಸ್ಸಿನ ಗ್ಯಾಗ್, ಪಾಲ್, ಎನ್ವ್ (ಹೊದಿಕೆಯ ಪ್ರೋಟೀನ್), ನೆಫ್ ಪ್ರೋಟೀನುಗಳಿಗೆ ನಾಲ್ಕು ಮಿಶ್ರಣ ಮಾಡಿ ಪ್ರತಿಯೊಂದಕ್ಕೆ ಮೂರು ಗುಳಿ, ಪೆಪ್ಟೈಡ್ ಇಲ್ಲದ ಋಣ ನಿಯಂತ್ರಣಕ್ಕೆ ಆರು, ಬಹಳ ಜನರ ಕೋಶಗಳಿಗೆ ಮೊದಲೇ ಪರಿಚಿತವಾದ ಸೈಟೊಮೆಗಾಲೊವೈರಸ್, ಎಪ್‌ಸ್ಟೀನ್-ಬಾರ್ ವೈರಸ್ ಮತ್ತು ಇನ್‌ಫ್ಲುಯೆಂಜಾ ಪೆಪ್ಟೈಡ್‌ಗಳ ಮಿಶ್ರಣಕ್ಕೆ ಮೂರು, ಎಲ್ಲ ಟಿ ಕೋಶಗಳನ್ನೂ ಎಬ್ಬಿಸುವ ಪಿಎಚ್‌ಎಗೆ ಎರಡು ಎಂದರೆ ಒಬ್ಬ ವ್ಯಕ್ತಿಯ ಒಂದು ಭೇಟಿಗೆ 23 ಗುಳಿ, ಅಂದರೆ 46 ಲಕ್ಷ ಕೋಶ. ಪೆಪ್ಟೈಡ್‌ಗಳು ಕರಗಿರುವುದು ಡಿಎಂಎಸ್‌ಒದಲ್ಲಿ. ಆದ್ದರಿಂದ ಋಣ ನಿಯಂತ್ರಣದ ಗುಳಿಗಳಿಗೂ ಅಷ್ಟೇ ಪ್ರಮಾಣದ ಡಿಎಂಎಸ್‌ಒ ಹಾಕಬೇಕು. ಇಲ್ಲದಿದ್ದರೆ ಹೋಲಿಕೆ ನ್ಯಾಯವಾಗುವುದಿಲ್ಲ.

ಪೆಪ್ಟೈಡ್‌ಗಳು ಬಹುತೇಕ ಕಿಟ್‌ಗಳಲ್ಲಿ ಬರುವುದಿಲ್ಲ, ಬರಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಲಸಿಕೆಯಲ್ಲಿರುವ ವೈರಸ್ ತಳಿಗೆ ಹೊಂದುವ ಪೆಪ್ಟೈಡ್ ಬಳಸಿದರೆ ಲಸಿಕೆ ಕೆಲಸ ಮಾಡಿದೆಯೇ ಎಂಬುದು ತಿಳಿಯುತ್ತದೆ. ಹೊರಗೆ ಹರಡುತ್ತಿರುವ ತಳಿಗಳ ಪೆಪ್ಟೈಡ್ ಬಳಸಿದರೆ ಆ ಪ್ರತಿಕ್ರಿಯೆ ನಿಜವಾದ ವೈರಸ್ಸನ್ನು ಗುರುತಿಸುತ್ತದೆಯೇ ಎಂಬುದು ತಿಳಿಯುತ್ತದೆ. ಎರಡು ಪ್ರಶ್ನೆಗಳೂ ಬೇರೆ. ಮೊದಲನೆಯದರ ಉತ್ತರವನ್ನು ಎರಡನೆಯದರ ಉತ್ತರವೆಂಬಂತೆ ಮಂಡಿಸುವ ವರದಿಗಳನ್ನು ಓದುವಾಗ ಎಚ್ಚರ ಬೇಕು.

ಇನ್ನು ಫಲಿತಾಂಶ. ಪ್ಲೇಟನ್ನು 37 ಡಿಗ್ರಿಯಲ್ಲಿ, ಶೇ 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರಿನಲ್ಲಿ 18ರಿಂದ 24 ಗಂಟೆ ಅಲುಗಾಡಿಸದೆ ಇಡಬೇಕು. ಯಾರಾದರೂ ನಡುವೆ ಬಾಗಿಲು ತೆಗೆದು ತಟ್ಟೆಯನ್ನು ಸರಿಸಿದರೆ ಕೋಶಗಳು ಜಾರುತ್ತವೆ, ದುಂಡಾಗಿ ಮೂಡಬೇಕಾದ ಚುಕ್ಕೆಗಳು ಧೂಮಕೇತುವಿನಂತೆ ಬಾಲ ಬೆಳೆಸಿಕೊಳ್ಳುತ್ತವೆ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಳಗಿನ ಗುಳಿಗಳಿಗೂ ಅಂಚಿನವಕ್ಕೂ ಒಂದೇ ಹೊತ್ತಿಗೆ ಬಿಸಿ ತಾಗದೆ ಅಂಚಿನ ಸಾಲುಗಳ ಎಣಿಕೆ ಬೇರೆಯೇ ಆಗುತ್ತದೆ. ಈ ಎಚ್ಚರಿಕೆಗಳನ್ನು ಪಾಲಿಸಿದ ಪ್ಲೇಟಿನಲ್ಲಿ ಕಿಟ್ ಕೊಡುವ ಚುಕ್ಕೆ ನಿಜಕ್ಕೂ ಸೊಗಸು: ನಡುವೆ ಗಾಢ, ಸುತ್ತ ಕ್ರಮೇಣ ತೆಳುವಾಗುವ ಅಂಚು. ಅಂಚು ಚೂಪಾಗಿದ್ದು ಗಾತ್ರ ತೀರಾ ಚಿಕ್ಕದಾಗಿದ್ದರೆ ಅದು ಬಹುಶಃ ಬಣ್ಣದ ಕಣವೇ ಹೊರತು ಕೋಶದ ಗುರುತಲ್ಲ. ಬಣ್ಣದ ದ್ರಾವಣವನ್ನು ಬಳಸುವ ಮುನ್ನ ಸೂಕ್ಷ್ಮ ಜರಡಿಯಲ್ಲಿ ಸೋಸಿದರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ. ಕೈಪಿಡಿಯಲ್ಲಿ ಇದನ್ನು ಐಚ್ಛಿಕ ಎಂದು ಬರೆದಿರುವುದು ನನಗೆ ಒಪ್ಪಿಗೆಯಿಲ್ಲ.

ದೂರುಗಳಲ್ಲಿ ಮುಖ್ಯವಾದದ್ದು ಲಾಟ್‌ನಿಂದ ಲಾಟ್‌ಗೆ, ಅಂದರೆ ಒಂದು ಸಲ ತಯಾರಾದ ಕಿಟ್‌ಗಳಿಂದ ಇನ್ನೊಂದು ಸಲ ತಯಾರಾದವಕ್ಕೆ, ಕಾಣುವ ವ್ಯತ್ಯಾಸ. ನಾವು ಕೊಂಡ ಕಿಟ್‌ಗಳಲ್ಲಿ ಒಂದು ಲಾಟ್‌ನ ಹಿನ್ನೆಲೆ ಚುಕ್ಕೆಗಳು (ಪೆಪ್ಟೈಡ್ ಇಲ್ಲದ ಗುಳಿಗಳಲ್ಲೂ ಮೂಡುವವು) ಹಿಂದಿನದಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದವು. ವಿಚಾರಿಸಿದಾಗ ಕೋಶಗಳ ದ್ರಾವಣಕ್ಕೆ ನಾವು ಬೆರೆಸುವ ಸೀರಂ (ರಕ್ತದ ದ್ರವಭಾಗ) ಮೇಲೆಯೇ ಬೆರಳು ತೋರಿಸಲಾಯಿತು. ಕರುವಿನ ಸೀರಂ ಬ್ಯಾಚು ಹಿನ್ನೆಲೆಯನ್ನು ಏರಿಸಬಲ್ಲದು ಎನ್ನುವುದು ನಿಜವೇ, ಆದರೆ ಅದೇ ಸೀರಂ, ಅದೇ ಕೋಶಗಳೊಂದಿಗೆ ಹಳೆಯ ಲಾಟ್ ಶುಭ್ರವಾಗಿಯೇ ಇತ್ತು. ಹಿನ್ನೆಲೆ ಏಕೆ ಮುಖ್ಯ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಲಸಿಕೆ ಪ್ರಯೋಗಗಳಲ್ಲಿ ಬಳಸಲಾದ ಒಂದು ನಿಯಮದ ಪ್ರಕಾರ, 10 ಲಕ್ಷ ಕೋಶಗಳಿಗೆ ಕನಿಷ್ಠ 55 ಚುಕ್ಕೆ ಇರಬೇಕು ಮತ್ತು ಅದು ಹಿನ್ನೆಲೆಯ ನಾಲ್ಕು ಪಟ್ಟಾದರೂ ಆಗಿರಬೇಕು. 2 ಲಕ್ಷ ಕೋಶಗಳ ಗುಳಿಯಲ್ಲಿ 55 ಎಂದರೆ ಕಣ್ಣಿಗೆ ಕಾಣುವುದು ಬರೀ 11 ಚುಕ್ಕೆ. ಹಿನ್ನೆಲೆಯ ಗುಳಿಯಲ್ಲಿ ಎರಡರ ಬದಲು ನಾಲ್ಕು ಚುಕ್ಕೆ ಬಂದರೆ ಅದೇ ಸ್ವಯಂಸೇವಕರು 'ಸ್ಪಂದಿಸಿದವರ' ಪಟ್ಟಿಯಿಂದ 'ಸ್ಪಂದಿಸದವರ' ಪಟ್ಟಿಗೆ ಹೋಗುತ್ತಾರೆ. ಆದ್ದರಿಂದ ಒಂದು ಪ್ರಯೋಗಕ್ಕೆ ಬೇಕಾಗುವಷ್ಟನ್ನೂ ಒಂದೇ ಲಾಟ್‌ನಿಂದ ಕಾದಿರಿಸಿಕೊಳ್ಳಬೇಕು. ಹಾಗೆ ಕಾದಿರಿಸಲು ಒಪ್ಪದ ಮಾರಾಟಗಾರರಿಂದ ಕೊಳ್ಳದಿರುವುದೇ ಲೇಸು.

ಎಣಿಸುವ ಯಂತ್ರವನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಅದು ಪ್ರತಿ ಗುಳಿಯ ಚಿತ್ರ ತೆಗೆದು, ಗಾತ್ರ, ಗಾಢತೆ ಮತ್ತು ಅಂಚಿನ ಸ್ವರೂಪ ನೋಡಿ ಚುಕ್ಕೆಗಳನ್ನು ಎಣಿಸುತ್ತದೆ. ವೇಗ ಮೆಚ್ಚತಕ್ಕದ್ದೇ. ಆದರೆ ಆ ಮೂರು ಮಿತಿಗಳನ್ನು ಯಾರು, ಯಾವಾಗ ನಿಗದಿ ಮಾಡಿದರು ಎಂಬುದು ವರದಿಯಲ್ಲಿ ಇರಲೇಬೇಕು. ಯಾರು ಲಸಿಕೆ ಪಡೆದವರು, ಯಾರು ಪ್ಲಾಸಿಬೊ (ಔಷಧವಿಲ್ಲದ ಹುಸಿ ಲಸಿಕೆ) ಪಡೆದವರು ಎಂದು ಎಣಿಸುವವರಿಗೆ ಗೊತ್ತಿಲ್ಲದಿರುವಾಗಲೇ ಮಿತಿಗಳು ನಿಗದಿಯಾಗಿ, ಪ್ಲೇಟಿನಿಂದ ಪ್ಲೇಟಿಗೆ ಬದಲಾಗದೆ ಇರಬೇಕು. ಒಂದು ಗುಳಿಯಲ್ಲಿ ಚುಕ್ಕೆಗಳು ನೂರಾರು ದಾಟಿ ಒಂದಕ್ಕೊಂದು ಬೆರೆತಾಗ ಯಂತ್ರ ಕೊಡುವ ಸಂಖ್ಯೆಯನ್ನು ನಂಬುವುದಕ್ಕಿಂತ 'ಎಣಿಸಲಾಗದಷ್ಟು' ಎಂದು ದಾಖಲಿಸುವುದು ಪ್ರಾಮಾಣಿಕ. ಪಿಎಚ್‌ಎ ಗುಳಿಗಳಲ್ಲಿ ಇದು ಪ್ರತಿಸಲದ ಮಾತು.

ಇದಕ್ಕೆ ನೇರ ಪ್ರತಿಸ್ಪರ್ಧಿ ಎಂದರೆ ಕೋಶದೊಳಗಿನ ಸೈಟೊಕೈನ್‌ಗೆ (ಇಂಟರ್ಫೆರಾನ್‌ನಂಥ ಸಂಕೇತ ಪ್ರೋಟೀನಿಗೆ) ಬಣ್ಣ ಹಚ್ಚಿ, ಕೋಶಗಳನ್ನು ಒಂದೊಂದಾಗಿ ಬೆಳಕಿನ ಮುಂದೆ ಹಾಯಿಸುವ ಫ್ಲೋ ಸೈಟೊಮೀಟರ್ ಯಂತ್ರದಲ್ಲಿ ಓದುವ ವಿಧಾನ. ಪ್ರಯೋಗಾಲಯದ ಮಾತಿನಲ್ಲಿ ಐಸಿಎಸ್. ಅಲ್ಲಿ ಕೋಶಗಳನ್ನು ಪೆಪ್ಟೈಡ್‌ನೊಡನೆ ಸುಮಾರು ಆರು ಗಂಟೆ ಇಟ್ಟು, ಸೈಟೊಕೈನ್ ಹೊರಹೋಗದಂತೆ ಬ್ರೆಫೆಲ್ಡಿನ್‌ನಿಂದ ತಡೆದು, ಆಮೇಲೆ ಕೋಶವನ್ನು ಸ್ಥಿರಗೊಳಿಸಿ, ರಂಧ್ರ ಮಾಡಿ, ಒಳಗೆ ಪ್ರತಿಕಾಯ ಕಳುಹಿಸುತ್ತಾರೆ. ಎಲಿಸ್ಪಾಟ್ ಉತ್ತರಿಸದ ಪ್ರಶ್ನೆಗೆ ಐಸಿಎಸ್ ಉತ್ತರಿಸುತ್ತದೆ: ಸ್ಪಂದಿಸಿದ್ದು ಇತರ ಕೋಶಗಳಿಗೆ ನೆರವಾಗುವ ಸಿಡಿ4 ಟಿ ಕೋಶವೋ ಸೋಂಕಿತ ಕೋಶಗಳನ್ನು ಕೊಲ್ಲುವ ಸಿಡಿ8 ಟಿ ಕೋಶವೋ, ಅದು ಇಂಟರ್ಫೆರಾನ್ ಮಾತ್ರ ಸ್ರವಿಸಿತೋ, ಐಎಲ್-2, ಟಿಎನ್‌ಎಫ್ ಎಂಬ ಬೇರೆ ಸೈಟೊಕೈನ್‌ಗಳನ್ನೂ ಸ್ರವಿಸಿತೋ, ಕೊಲ್ಲುವ ಕಣಗಳನ್ನು ಹೊರಹಾಕಿದ ಗುರುತಾದ ಸಿಡಿ107ಎ ಅದರ ಮೈಮೇಲಿದೆಯೋ. ಎಚ್‌ಐವಿ ವಿಷಯದಲ್ಲಿ ಇದು ಕುತೂಹಲಕ್ಕೆ ಕೇಳುವ ಪ್ರಶ್ನೆಯಲ್ಲ. ವೈರಸ್ ಸೋಂಕುವುದೇ ಸಿಡಿ4 ಕೋಶಗಳಿಗೆ. ಲಸಿಕೆ ಅವುಗಳನ್ನು ಹೆಚ್ಚಾಗಿ ಎಬ್ಬಿಸಿತೆಂದರೆ ಅದು ಲಾಭವೂ ಆಗಬಹುದು, ವೈರಸ್ಸಿಗೆ ಗುರಿಯನ್ನು ಒದಗಿಸಿಕೊಟ್ಟಂತೆಯೂ ಆಗಬಹುದು. ಎಲಿಸ್ಪಾಟ್‌ನಲ್ಲಿ ಈ ಭೇದ ತಿಳಿಯಬೇಕೆಂದರೆ ಆಯಸ್ಕಾಂತದ ಮಣಿಗಳಿಂದ ಒಂದು ಬಗೆಯ ಕೋಶಗಳನ್ನು ಮೊದಲೇ ತೆಗೆದುಹಾಕಬೇಕು. ಅದಕ್ಕೆ ಇನ್ನಷ್ಟು ರಕ್ತ ಬೇಕು.

ಹಾಗೆಂದು ಐಸಿಎಸ್ ಸುಲಭವೇನಲ್ಲ. ಬಣ್ಣಗಳ ಬೆಳಕು ಒಂದರೊಳಗೊಂದು ಸೋರುವುದನ್ನು ಲೆಕ್ಕದಲ್ಲಿ ಸರಿಪಡಿಸಬೇಕು, ಸತ್ತ ಕೋಶಗಳನ್ನು ಹೊರಗಿಡುವ ಬಣ್ಣ ಮರೆಯಬಾರದು, ಚಿತ್ರದಲ್ಲಿ ಗೆರೆ ಎಲ್ಲಿ ಎಳೆಯಬೇಕೆಂಬುದರ ಮೇಲೆ ನುರಿತ ಇಬ್ಬರು ಬೇರೆ ಬೇರೆ ಶೇಕಡಾವಾರು ಹೇಳಬಲ್ಲರು. ಲಸಿಕೆಯ ಪ್ರತಿಕ್ರಿಯೆ ಸಾಮಾನ್ಯವಾಗಿ ಶೇಕಡ ಒಂದರೊಳಗೇ ಇರುವುದರಿಂದ ಆ ಗೆರೆ ಕೂದಲೆಳೆಯಷ್ಟು ಸರಿದರೂ ತೀರ್ಮಾನ ಬದಲಾಗುತ್ತದೆ. ಯಂತ್ರದ ನಿತ್ಯ ನಿರ್ವಹಣೆಯೇ ಒಬ್ಬರ ಕೆಲಸ. ಇದಕ್ಕೆ ಹೋಲಿಸಿದರೆ ಎಲಿಸ್ಪಾಟ್ ಪ್ಲೇಟ್ ಒಣಗಿದ ಮೇಲೆ ಕತ್ತಲಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅನುಮಾನ ಬಂದಾಗ ತೆಗೆದು ಮತ್ತೆ ನೋಡಬಹುದು, ಇನ್ನೊಬ್ಬರಿಗೆ ತೋರಿಸಬಹುದು. ಈ ಅನುಕೂಲ ಸಣ್ಣದಲ್ಲ.

ಈಗ ಅತಿ ಮುಖ್ಯವಾದ ಪ್ರಶ್ನೆ: ಚುಕ್ಕೆ ಹೆಚ್ಚಾದರೆ ರಕ್ಷಣೆ ಹೆಚ್ಚಾಗುತ್ತದೆಯೇ? ಮಾರಾಟದ ಪತ್ರಗಳಲ್ಲಿ ಹಾಗೆಂದು ಬಾಯಿಬಿಟ್ಟು ಹೇಳಿರುವುದಿಲ್ಲ, ಆದರೆ ಹಾಗೆ ಅನ್ನಿಸುವಂತೆ ಬರೆದಿರುತ್ತದೆ. ಇತಿಹಾಸ ಬೇರೆ ಹೇಳುತ್ತದೆ. ಸ್ಟೆಪ್ ಎಂಬ ಪ್ರಯೋಗದಲ್ಲಿ ಸುಮಾರು 3,000 ಜನರಿದ್ದರು. ನೆಗಡಿ ತರುವ ವೈರಸ್ಸುಗಳಲ್ಲೊಂದಾದ ಅಡೆನೊವೈರಸ್ 5ರೊಳಗೆ ಎಚ್‌ಐವಿಯ ಗ್ಯಾಗ್, ಪಾಲ್, ನೆಫ್ ಜೀನುಗಳನ್ನು ಇಟ್ಟು ತಯಾರಿಸಿದ ಆ ಲಸಿಕೆಗೆ, ಪರೀಕ್ಷಿಸಿದವರಲ್ಲಿ ಸುಮಾರು ಮುಕ್ಕಾಲು ಪಾಲು ಜನರ ಕೋಶಗಳು ಎಲಿಸ್ಪಾಟ್‌ನಲ್ಲಿ ಸ್ಪಂದಿಸಿದ್ದವು. ಆದರೂ 2007ರ ಸೆಪ್ಟೆಂಬರಿನಲ್ಲಿ ಲಸಿಕೆ ನೀಡುವುದನ್ನು ನಿಲ್ಲಿಸಬೇಕಾಯಿತು. ಸೋಂಕು ತಗ್ಗಲಿಲ್ಲ, ಸೋಂಕಾದವರಲ್ಲಿ ವೈರಸ್ ಪ್ರಮಾಣವೂ ತಗ್ಗಲಿಲ್ಲ. ಮೊದಲೇ ಅಡೆನೊವೈರಸ್ 5ಕ್ಕೆ ಪ್ರತಿಕಾಯವಿದ್ದ, ಸುನ್ನತಿಯಾಗದ ಪುರುಷರಲ್ಲಿ ಲಸಿಕೆ ಪಡೆದವರಿಗೇ ಹೆಚ್ಚು ಸೋಂಕು ಕಂಡಿತು. ಪ್ಲೇಟಿನ ಮೇಲೆ ಎಣಿಸಿದ ಚುಕ್ಕೆಗಳು ಸುಳ್ಳಾಗಿರಲಿಲ್ಲ. ಅವುಗಳಿಗೆ ಕಟ್ಟಿದ ಅರ್ಥ ಸುಳ್ಳಾಗಿತ್ತು.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ ಥಾಯ್ಲೆಂಡಿನ ಆರ್‌ವಿ144. 16,402 ಜನರ ಆ ಪ್ರಯೋಗದ ಫಲಿತಾಂಶ 2009ರಲ್ಲಿ ಹೊರಬಂದು, ಶೇ 31.2ರಷ್ಟು ರಕ್ಷಣೆ ಕಂಡಿತು. 2012ರ ವಿಶ್ಲೇಷಣೆಯಲ್ಲಿ ಕಡಿಮೆ ಅಪಾಯದೊಂದಿಗೆ ಹೊಂದಿಕೊಂಡದ್ದು ವೈರಸ್ ಹೊದಿಕೆಯ ವಿ1ವಿ2 ಭಾಗಕ್ಕೆ ಅಂಟುವ ಐಜಿಜಿ ಪ್ರತಿಕಾಯ. ಟಿ ಕೋಶಗಳ ಪಾತ್ರ ಸ್ಪಷ್ಟವಾದದ್ದು 2015ರಲ್ಲಿ, ಐಸಿಎಸ್ ಮಾಹಿತಿಯನ್ನೇ ಹೊಸ ಸಂಖ್ಯಾಶಾಸ್ತ್ರೀಯ ವಿಧಾನದಿಂದ ಮತ್ತೆ ಓದಿದಾಗ: ಒಂದೇ ಸಲಕ್ಕೆ ಹಲವು ಕೆಲಸ ಮಾಡುವ ಸಿಡಿ4 ಕೋಶಗಳಿದ್ದವರಲ್ಲಿ ಸೋಂಕಿನ ಅಪಾಯ ಕಡಿಮೆ ಇತ್ತು. ಎಚ್‌ವಿಟಿಎನ್ 505 ಪ್ರಯೋಗವೂ 2013ರಲ್ಲಿ ವಿಫಲವೆಂದು ನಿಂತಿತು. ಅಲ್ಲಿಯೂ 2017ರಲ್ಲಿ ಪ್ರಕಟವಾದ ವಿಶ್ಲೇಷಣೆ ಹೊದಿಕೆಯ ಪ್ರೋಟೀನಿಗೆ ಬಹುಮುಖವಾಗಿ ಸ್ಪಂದಿಸಿದ ಸಿಡಿ8 ಕೋಶಗಳಿಗೂ ಕಡಿಮೆ ಅಪಾಯಕ್ಕೂ ನಂಟು ಕಂಡಿತು. ಒಂದೇ ಸೈಟೊಕೈನಿನ ಚುಕ್ಕೆ ಎಣಿಸುವ ಪ್ಲೇಟಿನಲ್ಲಿ ಈ ಎರಡೂ ಸಂಗತಿಗಳು ಕಾಣುತ್ತಿರಲಿಲ್ಲ.

ಆದರೂ ಎಲಿಸ್ಪಾಟ್ ನಿಷ್ಪ್ರಯೋಜಕ ಎಂದು ಇದರಿಂದ ತೀರ್ಮಾನಿಸಬಾರದು. ಸೋಂಕಿತರಲ್ಲಿ ನಡೆದ, 2007ರಲ್ಲಿ ಪ್ರಕಟವಾದ ದಕ್ಷಿಣ ಆಫ್ರಿಕಾದ ದೊಡ್ಡ ಅಧ್ಯಯನವೊಂದು ಇದೇ ಚುಕ್ಕೆಗಳಿಂದ ಮಹತ್ವದ ವಿಷಯ ಹೇಳಿತು: ಗ್ಯಾಗ್‌ನ ಹೆಚ್ಚು ಭಾಗಗಳಿಗೆ ಸ್ಪಂದಿಸಿದವರಲ್ಲಿ ರಕ್ತದ ವೈರಸ್ ಪ್ರಮಾಣ ಕಡಿಮೆ, ಹೊದಿಕೆಯ ಪ್ರೋಟೀನಿಗೆ ಹೆಚ್ಚು ಸ್ಪಂದಿಸಿದವರಲ್ಲಿ ಹೆಚ್ಚು. ಅಂದರೆ ಮಿಶ್ರಣಗಳನ್ನು ಬಿಡಿಸಿ, ಯಾವ ಪ್ರೋಟೀನಿನ ಎಷ್ಟು ಭಾಗಗಳಿಗೆ ಪ್ರತಿಕ್ರಿಯೆ ಇದೆ ಎಂದು ನಕ್ಷೆ ಮಾಡುವ ಕೆಲಸಕ್ಕೆ ಈ ಕಿಟ್‌ನಷ್ಟು ಒಗ್ಗುವ ಸಾಧನ ಕಡಿಮೆ. ಎಲ್ಲ ಚುಕ್ಕೆಗಳನ್ನೂ ಕೂಡಿಸಿ ಒಂದೇ ಸಂಖ್ಯೆ ಬರೆದಾಗ ಮಾತ್ರ ಈ ಗುಣ ಹಾಳಾಗುತ್ತದೆ. ಇನ್ನೊಂದು ಮಿತಿಯನ್ನೂ ನೆನಪಿನಲ್ಲಿಡಬೇಕು: ನಾವು ಅಳೆಯುವುದು ರಕ್ತದ ಕೋಶಗಳನ್ನು, ವೈರಸ್ ಒಳಬಂದು ನೆಲೆಯೂರುವುದು ಲೋಳ್ಪೊರೆಗಳಲ್ಲಿ ಮತ್ತು ದುಗ್ಧಗ್ರಂಥಿಗಳಲ್ಲಿ.

ಈಚಿನ ವರ್ಷಗಳಲ್ಲಿ ಲಸಿಕೆ ಸಂಶೋಧನೆಯ ಗಮನ ಬಿ ಕೋಶಗಳತ್ತ ಸರಿದಿದೆ. ಅಲ್ಲಿ ಈ ಕಿಟ್‌ನ ಉಪಯೋಗ ಇನ್ನೂ ಸೀಮಿತ. ಐಎವಿಐ ಜಿ001 ಪ್ರಯೋಗದಲ್ಲಿ ಲಸಿಕೆ ಪಡೆದ 36 ಜನರಲ್ಲಿ 35 ಮಂದಿಗೆ, ಎಚ್‌ಐವಿಯ ಹಲವು ತಳಿಗಳನ್ನು ತಡೆಯಬಲ್ಲ ವಿಆರ್‌ಸಿ01 ಬಗೆಯ ವ್ಯಾಪಕ ಪ್ರತಿಕಾಯಗಳತ್ತ ಸಾಗಬಲ್ಲ ಬಿ ಕೋಶಗಳು ಎಚ್ಚೆತ್ತವು ಎಂದು ತೋರಿಸಿದ್ದು, ಅಂಥ ಕೋಶಗಳನ್ನು ಒಂದೊಂದಾಗಿ ಬೇರ್ಪಡಿಸಿ ಅವುಗಳ ಪ್ರತಿಕಾಯ ಜೀನಿನ ಅನುಕ್ರಮ ಓದುವ ಮೂಲಕ. ಬಿ ಕೋಶದ ಎಲಿಸ್ಪಾಟ್ ಪ್ರತಿಕಾಯ ಸ್ರವಿಸುವ ಕೋಶ ಎಷ್ಟಿದೆ ಎಂದು ಹೇಳಬಲ್ಲದು. ಅದರ ವಂಶಾವಳಿಯನ್ನು ಹೇಳಲಾರದು.

ನನ್ನ ಶಿಫಾರಸು ಹೀಗಿದೆ. ಲಸಿಕೆ ಪ್ರತಿಕ್ರಿಯೆ ಎಬ್ಬಿಸಿತೇ ಇಲ್ಲವೇ ಎಂಬ ಮೊದಲ ಹಂತದ ಪ್ರಶ್ನೆಗೆ, ನೂರಾರು ಮಾದರಿಗಳ ಶೋಧನೆಗೆ, ಪೆಪ್ಟೈಡ್ ನಕ್ಷೆಗೆ ಸಿದ್ಧ ಎಲಿಸ್ಪಾಟ್ ಕಿಟ್ ಕೊಳ್ಳಲು ಯೋಗ್ಯ, ಅದರಲ್ಲೂ ಫ್ಲೋ ಸೈಟೊಮೀಟರನ್ನು ಸದಾ ಸುಸ್ಥಿತಿಯಲ್ಲಿಡಲು ಜನಬಲವಿಲ್ಲದ ಪ್ರಯೋಗಾಲಯಗಳಿಗೆ. ಒಂದೇ ಗುಳಿಯಲ್ಲಿ ಎರಡು ಮೂರು ಸೈಟೊಕೈನ್‌ಗಳನ್ನು ಬೇರೆ ಬೇರೆ ಬಣ್ಣದ ಬೆಳಕಿನಲ್ಲಿ ತೋರಿಸುವ ಫ್ಲೂರೊಸ್ಪಾಟ್ ಕಿಟ್‌ಗಳೂ ಇವೆ. ಅವುಗಳನ್ನು ಓದಲು ತಕ್ಕ ಯಂತ್ರವಿದ್ದರೆ ಅವೇ ಮೇಲು. ರಕ್ಷಣೆಯ ಸೂಚಕವನ್ನು ಹುಡುಕುವ ದೊಡ್ಡ ಪ್ರಯೋಗವಾದರೆ ಐಸಿಎಸ್ ಬೇಕೇ ಬೇಕು. ಸಿಡಿ8 ಕೋಶಗಳು ಸೋಂಕಿತ ಕೋಶಗಳಲ್ಲಿ ವೈರಸ್ ಬೆಳೆಯುವುದನ್ನು ನಿಜಕ್ಕೂ ತಡೆಯುತ್ತವೆಯೇ ಎಂದು ನೇರವಾಗಿ ನೋಡುವ ಪರೀಕ್ಷೆಯನ್ನೂ ಆಯ್ದ ಕೆಲವು ಮಾದರಿಗಳ ಮೇಲೆ ಸೇರಿಸಿಕೊಳ್ಳುವುದು ಒಳಿತು. ಕೊಳ್ಳುವ ಮುನ್ನ ಮಾರಾಟಗಾರರಿಂದ ಎರಡು ಬೇರೆ ಲಾಟ್‌ಗಳ ಪ್ಲೇಟುಗಳನ್ನು ಕೇಳಿ ಪಡೆದು, ಒಂದೇ ವ್ಯಕ್ತಿಯ ಕೋಶಗಳನ್ನು ಎರಡರಲ್ಲೂ ಹಾಕಿ, ಋಣ ನಿಯಂತ್ರಣದ ಗುಳಿಗಳನ್ನು ಮೊದಲು ನೋಡಿ. ಅವುಗಳಲ್ಲಿ ಚುಕ್ಕೆಗಳು ಒಂದೆರಡಕ್ಕಿಂತ ಹೆಚ್ಚಿದ್ದರೆ ಉಳಿದ ಗುಳಿಗಳನ್ನು ಎಣಿಸುವ ಶ್ರಮ ಬೇಡ.